ಹೇಳದೆ ಕೇಳದೆ ಹರಿಯುವ ಬೆಲ್ಟು

ಹೀಗೊಂದು ಚಿತ್ರ ಕಲ್ಪಿಸಿಕೊಳ್ಳಿ. ಕೊರಟಗೆರೆಯ ಮೇಷ್ಟ್ರೊಬ್ಬರು ತಮ್ಮ ಹಳೆಯ ಮಾರುತಿ 800 ಕಾರಿನಲ್ಲಿ ಮಧುಗಿರಿಗೆ ಹೊರಟಿದ್ದಾರೆ. ಹಿಂದಿನ ಸೀಟಿನಲ್ಲಿ ಮಡದಿ, ಮಗಳು. ಮದುವೆ ಮನೆಗೆ ಹೊರಟವರು, ಮುಹೂರ್ತಕ್ಕೆ ಇನ್ನೂ ಒಂದು ಗಂಟೆ ಇದೆ. ಎಂಜಿನ್ ಬಿಸಿಯಾಗಿಲ್ಲ, ಪೆಟ್ರೋಲ್ ಖಾಲಿಯಾಗಿಲ್ಲ. ಯಾವ ಕೆಂಪು ದೀಪವೂ ಮುಂಚಿತವಾಗಿ ಹೊತ್ತಿಲ್ಲ. ಹೋಗುತ್ತಿದ್ದ ಕಾರು ಇದ್ದಕ್ಕಿದ್ದಂತೆ ಉಸಿರು ಬಿಟ್ಟಂತೆ ಸುಮ್ಮನಾಗುತ್ತದೆ. ಮೇಷ್ಟ್ರು ಪಕ್ಕಕ್ಕೆ ಹಾಕಿ ಕೀಲಿ ತಿರುಗಿಸುತ್ತಾರೆ. ಸ್ಟಾರ್ಟರ್ ಗಿರಗಿರನೆ ತಿರುಗುತ್ತದೆ, ಎಂದಿಗಿಂತ ಹಗುರವಾಗಿಯೇ ತಿರುಗುತ್ತದೆ. ಎಂಜಿನ್ ಮಾತ್ರ ಹಿಡಿಯುವುದಿಲ್ಲ.

ಬಾನೆಟ್ ಎತ್ತಿ ನೋಡಿದರೆ ಎಲ್ಲವೂ ಇದ್ದಂತೆಯೇ ಇದೆ. ಹರಿದದ್ದು ಕಣ್ಣಿಗೆ ಕಾಣದ ಕಡೆ, ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಇರುವ ಒಂದು ರಬ್ಬರ್ ಪಟ್ಟಿ. ಅದರ ಹೆಸರು ಟೈಮಿಂಗ್ ಬೆಲ್ಟ್.

ಕಾರಿನಲ್ಲಿ ಕೆಡುವ ಬಹುತೇಕ ಭಾಗಗಳು ಕೆಡುವ ಮುನ್ನ ಏನಾದರೊಂದು ಸೂಚನೆ ಕೊಡುತ್ತವೆ. ಬ್ರೇಕ್ ಕಿರುಗುಟ್ಟುತ್ತದೆ, ಬ್ಯಾಟರಿ ಬೆಳಗಿನ ಹೊತ್ತು ಮುಲುಗುತ್ತದೆ, ಟೈರು ಬೋಳಾಗುತ್ತದೆ, ಸೈಲೆನ್ಸರ್ ಊರಿಗೆಲ್ಲ ಸಾರುತ್ತದೆ. ಟೈಮಿಂಗ್ ಬೆಲ್ಟ್ ಹಾಗಲ್ಲ. ನಿನ್ನೆಯವರೆಗೂ ಚೆನ್ನಾಗಿಯೇ ಇದ್ದು ಇವತ್ತು ಹರಿಯುವುದು ಅದರ ಸ್ವಭಾವ. ಆದ್ದರಿಂದಲೇ ಅದನ್ನು ಕೆಟ್ಟ ಮೇಲೆ ಬದಲಿಸುವುದಲ್ಲ, ಚೆನ್ನಾಗಿರುವಾಗಲೇ ಬದಲಿಸಬೇಕು. ಕೇಳುವುದಕ್ಕೆ ವಿಚಿತ್ರ ಎನಿಸಿದರೂ ಹಳೆಯ ಕಾರು ಇಟ್ಟುಕೊಂಡವರೆಲ್ಲ ಮೊದಲು ಕಲಿಯಬೇಕಾದ ಪಾಠ ಇದೇ.

ಹೊಲಿಗೆ ಯಂತ್ರದಿಂದ ಬಂದ ಉಪಾಯ

ಎಂಜಿನ್ನಿನ ಒಳಗೆ ಎರಡು ಕೆಲಸಗಳು ತಾಳ ತಪ್ಪದೆ ನಡೆಯಬೇಕು. ಕೆಳಗಡೆ ಕ್ರ್ಯಾಂಕ್‌ಶಾಫ್ಟ್ ತಿರುಗುತ್ತಾ ಪಿಸ್ಟನ್ನುಗಳನ್ನು ಮೇಲೆ ಕೆಳಗೆ ಆಡಿಸುತ್ತದೆ. ಮೇಲ್ಗಡೆ ಕ್ಯಾಮ್‌ಶಾಫ್ಟ್ ತಿರುಗುತ್ತಾ ಕವಾಟಗಳನ್ನು, ಅಂದರೆ ವಾಲ್ವ್‌ಗಳನ್ನು, ತೆರೆಯುತ್ತದೆ. ಪೆಟ್ರೋಲ್ ಮತ್ತು ಗಾಳಿ ಒಳಗೆ ಬರಬೇಕಾದಾಗ ಒಂದು ಕವಾಟ, ಸುಟ್ಟ ಹೊಗೆ ಹೊರಗೆ ಹೋಗಬೇಕಾದಾಗ ಇನ್ನೊಂದು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದೇ ಸುತ್ತು ತಿರುಗಬೇಕು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎಂದರೆ ಕ್ಯಾಮ್‌ಶಾಫ್ಟ್ 1500 ಸುತ್ತು ತಿರುಗುತ್ತದೆ, ಪ್ರತಿಯೊಂದು ಕವಾಟವೂ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆ. ಈ ಮೇಲಿನ ಲೋಕಕ್ಕೂ ಕೆಳಗಿನ ಲೋಕಕ್ಕೂ ಸಂಬಂಧ ಕಟ್ಟುವುದೇ ಹಲ್ಲುಗಳಿರುವ ಈ ಬೆಲ್ಟು.

ಮೊದಲು ಈ ಕೆಲಸಕ್ಕೆ ಉಕ್ಕಿನ ಸರಪಳಿ ಇರುತ್ತಿತ್ತು. ನಮ್ಮ ರಸ್ತೆಗಳನ್ನು ದಶಕಗಳ ಕಾಲ ಆಳಿದ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಯ ಹಳೆಯ ಪೆಟ್ರೋಲ್ ಎಂಜಿನ್ನುಗಳಲ್ಲಿ ಇದ್ದದ್ದು ಸರಪಳಿಯೇ. ಸರಪಳಿ ಸವೆದರೆ ಸಡಿಲಗೊಂಡು ಖರಖರ ಸದ್ದು ಮಾಡುತ್ತದೆ. ಕಿವಿ ಚುರುಕಾಗಿದ್ದ ಡ್ರೈವರು ಸದ್ದಿನಲ್ಲೇ ರೋಗ ಹಿಡಿಯುತ್ತಿದ್ದ. ಬೆಲ್ಟಿಗೆ ಸದ್ದಿಲ್ಲ, ಎಣ್ಣೆಯೂ ಬೇಡ, ತೂಕವೂ ಕಡಿಮೆ. ಸರಪಳಿಗಿಂತ ಅಗ್ಗ. ಆದರೆ ಆ ಮೌನಕ್ಕೆ ಬೆಲೆ ತೆರಬೇಕು.

ಹಲ್ಲಿನ ಬೆಲ್ಟು ಹುಟ್ಟಿದ್ದು ಕಾರಿಗಾಗಿ ಅಲ್ಲ ಎಂಬುದು ಸ್ವಾರಸ್ಯದ ಸಂಗತಿ. 1940ರ ದಶಕದಲ್ಲಿ ಅಮೆರಿಕದ ಗಿಲ್ಮರ್ ಕಂಪನಿಯಲ್ಲಿ ರಿಚರ್ಡ್ ಕೇಸ್ ಎಂಬ ಎಂಜಿನಿಯರ್ ಇದನ್ನು ರೂಪಿಸಿದ್ದು ಸಿಂಗರ್ ಹೊಲಿಗೆ ಯಂತ್ರಕ್ಕಾಗಿ. ಮೇಲಿನ ಸೂಜಿಗೂ ಕೆಳಗಿನ ಬಾಬಿನ್ನಿಗೂ ಲಯ ತಪ್ಪಿದರೆ ಹೊಲಿಗೆ ಬೀಳುವುದಿಲ್ಲವಷ್ಟೆ? ಜಾರದ, ಹಲ್ಲಿಗೆ ಹಲ್ಲು ಕೂರುವ ಬೆಲ್ಟು ಅಲ್ಲಿ ಬೇಕಾಗಿತ್ತು. ಅದೇ ಉಪಾಯವನ್ನು 1962ರಲ್ಲಿ ಜರ್ಮನಿಯ ಗ್ಲಾಸ್ ಎಂಬ ಸಣ್ಣ ಕಂಪನಿ ತನ್ನ 1004 ಎಂಬ ಕಾರಿನ ಎಂಜಿನ್ನಿಗೆ ತಂದಿತು. ಮುಂದೆ ಜಗತ್ತಿನ ಅನೇಕ ಕಾರು ಕಂಪನಿಗಳು ಅದೇ ಹಾದಿ ಹಿಡಿದವು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಕಾರಿನ ಕೀಲಿ ಗ್ರಾಹಕನ ಕೈಸೇರಿದಾಗ, ಅದರ 796 ಸಿ.ಸಿ.ಯ ಪುಟ್ಟ ಎಂಜಿನ್ನಿನೊಂದಿಗೆ ಟೈಮಿಂಗ್ ಬೆಲ್ಟೂ ನಮ್ಮ ಮಧ್ಯಮ ವರ್ಗದ ಮನೆಯಂಗಳಕ್ಕೆ ಬಂದು ನಿಂತಿತು.

ಹರಿದರೆ ಏನಾಗುತ್ತದೆ?

ಬೆಲ್ಟು ಹರಿದೊಡನೆ ಕ್ಯಾಮ್ ನಿಂತುಬಿಡುತ್ತದೆ. ಆಗ ಯಾವ ಕವಾಟ ತೆರೆದಿತ್ತೋ ಅದು ತೆರೆದಂತೆಯೇ ಉಳಿಯುತ್ತದೆ. ಆದರೆ ಕೆಳಗಿನ ಪಿಸ್ಟನ್ನು ಹಾಗೆ ತಟ್ಟನೆ ನಿಲ್ಲುವುದಿಲ್ಲ. ಓಟದ ರಭಸದಲ್ಲಿ ಇನ್ನೂ ಹತ್ತಾರು ಸಲ ಮೇಲೇರಿ ಇಳಿಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ತೆರೆದ ಕವಾಟಕ್ಕೂ ಮೇಲೇರಿದ ಪಿಸ್ಟನ್ನಿಗೂ ನಡುವೆ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ಅಂಥ ಎಂಜಿನ್ ಆಗಿದ್ದರೆ ಹೊಸ ಬೆಲ್ಟು ಹಾಕಿದರೆ ಸಾಕು, ಗಾಡಿ ಮತ್ತೆ ಓಡುತ್ತದೆ. ಜಾಗ ಬಿಡದ ಎಂಜಿನ್ನುಗಳಲ್ಲಿ ಪಿಸ್ಟನ್ನು ಹೋಗಿ ಕವಾಟಕ್ಕೆ ಬಡಿಯುತ್ತದೆ. ಕವಾಟದ ಕಡ್ಡಿ ಬಾಗುತ್ತದೆ. ಕೆಲವೊಮ್ಮೆ ಪಿಸ್ಟನ್ನೇ ತೂತಾಗುತ್ತದೆ. ಡೀಸೆಲ್ ಎಂಜಿನ್ನುಗಳಲ್ಲಿ ಒತ್ತಡ ಹೆಚ್ಚು ಬೇಕಾದ್ದರಿಂದ ಈ ಜಾಗ ಸಾಮಾನ್ಯವಾಗಿ ಇರುವುದೇ ಇಲ್ಲ.

ತುಮಕೂರಿನಿಂದ ಕೊರಟಗೆರೆ, ಮಧುಗಿರಿ ದಾಟಿ ಪಾವಗಡಕ್ಕೆ ಹೋಗುವ ಈ ದಾರಿಯಲ್ಲಿ ಗಾಡಿ ಬಾಡಿಗೆಗೆ ಬಿಟ್ಟು ಬದುಕುವವರಿಗೆ ಇದು ಸಣ್ಣ ಮಾತಲ್ಲ. ಶುಕ್ರವಾರ ಗೊರವನಹಳ್ಳಿಯ ಮಹಾಲಕ್ಷ್ಮಿ ದರ್ಶನಕ್ಕೆ, ಸಿದ್ಧರಬೆಟ್ಟಕ್ಕೆ, ಮದುವೆ ಮುಂಜಿಗೆ ಎಂದು ಓಡುವ ಗಾಡಿ ದಿನ ಬೆಳಗಾದರೆ ಕಿಲೋಮೀಟರ್ ಪೇರಿಸುತ್ತದೆ. ಬೆಲ್ಟು ಹರಿದು ಹೆಡ್ ಬಿಚ್ಚಿಸಬೇಕಾಗಿ ಬಂದರೆ ರಿಪೇರಿಯ ಖರ್ಚು ಒಂದು ಕಡೆ, ಗಾಡಿ ನಿಂತ ದಿನಗಳ ಸಂಪಾದನೆ ಇನ್ನೊಂದು ಕಡೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2005ರಿಂದ ತಯಾರಾದ ಮೊದಲ ಪೀಳಿಗೆಯ ಇನ್ನೋವಾದ 2.5 ಲೀಟರ್ ಡೀಸೆಲ್ ಎಂಜಿನ್ನಿಗೂ ಟೈಮಿಂಗ್ ಬೆಲ್ಟೇ ಇದೆ. ಅದರ ಡ್ಯಾಶ್‌ಬೋರ್ಡಿನಲ್ಲಿ 'ಟಿ-ಬೆಲ್ಟ್' ಎಂಬ ದೀಪವೊಂದಿದೆ. ಬೆಲ್ಟು ಸವೆದದ್ದನ್ನು ಕಂಡು ಆ ದೀಪ ಹೊತ್ತುತ್ತದೆ ಎಂದೇ ಬಹಳ ಮಂದಿ ತಿಳಿದಿರುತ್ತಾರೆ. ನಿಜ ಸಂಗತಿ ಬೇರೆ. ನಿಗದಿಯಾದ ಕಿಲೋಮೀಟರ್ ತುಂಬಿತು ಎಂಬ ಲೆಕ್ಕಕ್ಕೆ ಮಾತ್ರ ಅದು ಹೊತ್ತುತ್ತದೆ. ಅಷ್ಟು ದೊಡ್ಡ ಕಂಪನಿಯೂ ಬೆಲ್ಟಿನ ಆರೋಗ್ಯವನ್ನು ಕಂಡು ಹೇಳುವ ಸಾಹಸ ಮಾಡಿಲ್ಲ, ಲೆಕ್ಕ ಇಟ್ಟು ಹೇಳಿದೆ ಅಷ್ಟೆ! 2016ರಲ್ಲಿ ಬಂದ ಕ್ರಿಸ್ಟಾದಲ್ಲಿ ಡೀಸೆಲ್ ಎಂಜಿನ್ ಮತ್ತೆ ಸರಪಳಿಗೆ ಮರಳಿತು. ಮಾರುತಿಯ ಕೆ ಸರಣಿಯ ಪೆಟ್ರೋಲ್ ಎಂಜಿನ್ನುಗಳಲ್ಲಿರುವುದೂ ಸರಪಳಿಯೇ. ಆದರೆ ಬೆಲ್ಟಿನ ಗಾಡಿಗಳು ಇನ್ನೂ ಸಾಕಷ್ಟು ಸಂಖ್ಯೆಯಲ್ಲಿ ಓಡುತ್ತಿವೆ. ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಹದಿನೈದು ವರ್ಷ ತುಂಬಿದ ಮೇಲೂ ಗಾಡಿಯನ್ನು ತಪಾಸಣೆ ಮಾಡಿಸಿ, ನೋಂದಣಿ ನವೀಕರಿಸಿಕೊಂಡು ಓಡಿಸುವವರು ಕಡಿಮೆಯೇನಿಲ್ಲ.

ನೀರಿನ ಪಂಪೂ ಜೊತೆಗೇಕೆ?

ಬೆಲ್ಟಿನ ಜೊತೆಗೆ ವಾಟರ್ ಪಂಪನ್ನೂ ಬದಲಿಸಿ ಎಂದು ತಿಳಿದವರು ಹೇಳುತ್ತಾರೆ. ಚೆನ್ನಾಗಿ ಓಡುತ್ತಿರುವ ಪಂಪನ್ನು ಏಕೆ ಎಸೆಯಬೇಕು ಎಂಬ ಪ್ರಶ್ನೆ ಸಹಜ. ಉತ್ತರ ಇರುವುದು ಪಂಪು ಕುಳಿತಿರುವ ಜಾಗದಲ್ಲಿ.

ಮಹೀಂದ್ರದ ಲೋಗನ್ ಮತ್ತು ವೆರಿಟೊ, ರೆನೊ ಡಸ್ಟರ್ ಇವುಗಳ 1.5 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿ, 1998ರಲ್ಲಿ ಬಂದ ಮೊದಲ ಹೋಂಡಾ ಸಿಟಿಯಲ್ಲಿ, ವಾಟರ್ ಪಂಪನ್ನು ತಿರುಗಿಸುವುದೇ ಟೈಮಿಂಗ್ ಬೆಲ್ಟು. ಅಂಥ ಗಾಡಿಯಲ್ಲಿ ಪಂಪಿನ ಬೇರಿಂಗ್ ಹಿಡಿದುಕೊಂಡರೆ ಹೊಸ ಬೆಲ್ಟಿನ ಹಲ್ಲುಗಳೂ ಕಿತ್ತುಹೋಗುತ್ತವೆ. ಮಾರುತಿ 800ರಲ್ಲಿ ಪಂಪು ತಿರುಗುವುದು ಹೊರಗಿನ ಫ್ಯಾನ್ ಬೆಲ್ಟಿನಿಂದ. ಆದರೂ ಅದನ್ನು ಬಿಚ್ಚಬೇಕಾದರೆ ಟೈಮಿಂಗ್ ಮುಚ್ಚಳ ತೆಗೆದು, ಬೆಲ್ಟನ್ನೂ ಇಳಿಸಿಯೇ ಬಿಚ್ಚಬೇಕು. ಎರಡೂ ಬಗೆಯಲ್ಲಿ ಕೆಲಸ ಒಂದೇ. ಬೆಲ್ಟಿಗೆಂದು ಒಮ್ಮೆ ಬಿಚ್ಚಿ ಕಟ್ಟಿ, ಆರು ತಿಂಗಳ ಮೇಲೆ ಪಂಪು ಸೋರಿತೆಂದು ಮತ್ತೆ ಅದನ್ನೇ ಬಿಚ್ಚುವುದು ಎರಡು ಸಲ ಕೂಲಿ ಕೊಟ್ಟಂತೆ. ಜೊತೆಗೆ, ಸೋರಿದ ನೀರು ಬೆಲ್ಟಿನ ಮೇಲೆ ಬಿದ್ದರೆ ಬೆಲ್ಟಿನ ಆಯುಸ್ಸೂ ಮುಗಿಯಿತು.

ಈ ಸೀಮೆಯಲ್ಲಿ ಪಂಪಿಗೆ ಇನ್ನೊಂದು ಶತ್ರುವಿದೆ. ಅದು ಬೋರ್‌ವೆಲ್ ನೀರು. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಎಲ್ಲವೂ ಮಳೆ ಕಡಿಮೆಯ, ಆಳದ ಕೊಳವೆಬಾವಿಯನ್ನೇ ನಂಬಿದ ತಾಲ್ಲೂಕುಗಳು. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ, ಸೋಪಿಗೆ ನೊರೆ ಬಾರದ ಗಡಸು ನೀರು ಇಲ್ಲಿನ ಮನೆಗಳಿಗೆ ಹೊಸತಲ್ಲ. ರೇಡಿಯೇಟರಿನಲ್ಲಿ ನೀರು ಕಡಿಮೆಯಾಯಿತೆಂದು ಬಿಂದಿಗೆಯಿಂದ ಅದನ್ನೇ ಸುರಿದರೆ ಪಾತ್ರೆಯಲ್ಲಿ ಕಟ್ಟಿದ ಪೊರೆಯೇ ಎಂಜಿನ್ನಿನ ಒಳದಾರಿಗಳಲ್ಲೂ ಕಟ್ಟುತ್ತದೆ. ಪಂಪಿನ ಸೀಲು ಉಜ್ಜಿ ಸವೆಯುತ್ತದೆ, ರೆಕ್ಕೆಗಳಿಗೆ ತುಕ್ಕು ಹಿಡಿಯುತ್ತದೆ. ಅದಕ್ಕೆ ಬಿಸಿಲೂ ಸೇರಿಕೊಳ್ಳುತ್ತದೆ. 2,050 ಮೆಗಾವಾಟ್ ಸೌರ ವಿದ್ಯುತ್ ಪಾರ್ಕ್ ಕಟ್ಟಲು ಪಾವಗಡದ ತಿರುಮಣಿಯನ್ನು ಆರಿಸಿಕೊಂಡರೆಂದರೆ ಇಲ್ಲಿನ ಬಿಸಿಲಿನ ಬಗ್ಗೆ ಬೇರೆ ಹೇಳಬೇಕೆ?

ಪಂಪು ಮಾತ್ರ ಬೆಲ್ಟಿನಷ್ಟು ಗುಟ್ಟಿನದಲ್ಲ. ಅದರ ಮೈಯಲ್ಲಿ ಒಂದು ಸಣ್ಣ ರಂಧ್ರ ಇರುತ್ತದೆ. ಒಳಗಿನ ಸೀಲು ಸೋಲತೊಡಗಿದಾಗ ಅಲ್ಲಿಂದ ಹನಿ ಜಿನುಗುತ್ತದೆ. ಒಣಗಿದ ಬಿಳಿ ಅಥವಾ ಹಸಿರು ಕಲೆ ಕಂಡರೆ ಅದೇ ಪಂಪಿನ ಕೊನೆಯ ಪತ್ರ.

ಭಾನುವಾರದ ಕೆಲಸ

ಮತ್ತೆ ಮೇಷ್ಟ್ರ ಅಂಗಳಕ್ಕೆ ಬರೋಣ. ಈ ಸಲ ಚಿತ್ರ ಬೇರೆ. ಬೆಲ್ಟು ಹರಿಯುವ ಮುನ್ನವೇ ಅವರು ಲೆಕ್ಕ ನೋಡಿದ್ದಾರೆ. ಕೆಲವು ಕಂಪನಿಗಳು 60 ಸಾವಿರ ಕಿ.ಮೀ.ಗೆ, ಕೆಲವು ಲಕ್ಷ ಕಿ.ಮೀ.ಗೆ, ಇನ್ನು ಕೆಲವು ಅದಕ್ಕೂ ಮೀರಿ ಗಡುವು ಹೇಳುತ್ತವೆ. ಎಷ್ಟೋ ಗಾಡಿಗಳಿಗೆ ಕಿಲೋಮೀಟರಿನ ಜೊತೆ ವರ್ಷದ ಗಡುವೂ ಇರುತ್ತದೆ, ಯಾವುದು ಮೊದಲೋ ಅದು. ನಿಂತ ಗಾಡಿಯಲ್ಲೂ ರಬ್ಬರಿಗೆ ವಯಸ್ಸಾಗುತ್ತದೆ ತಾನೆ? ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಇದು ಅಚ್ಚಾಗಿರುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಹಿಂದಿನ ಒಡೆಯರು ಯಾವಾಗ ಬದಲಿಸಿದರೆಂದು ಗೊತ್ತಿಲ್ಲದಿದ್ದರೆ, ಬದಲಿಸಿಯೇ ಇಲ್ಲ ಎಂದು ತಿಳಿಯುವುದೇ ಜಾಣತನ.

ಸಾಮಾನು ತರುವಾಗ ಬೆಲ್ಟು, ಟೆನ್ಷನರ್, ವಾಟರ್ ಪಂಪ್, ಅದರ ಗ್ಯಾಸ್ಕೆಟ್, ಕ್ಯಾಮ್ ಮತ್ತು ಕ್ರ್ಯಾಂಕಿನ ಆಯಿಲ್ ಸೀಲ್, ಫ್ಯಾನ್ ಬೆಲ್ಟು, ಕೂಲಂಟ್ ಇವೆಲ್ಲ ಒಟ್ಟಿಗೇ ತರಬೇಕು. ತುಮಕೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ಆದರೆ ಡೂಪ್ಲಿಕೇಟ್ ಮಾಲಿನ ಬಗ್ಗೆ ಎಚ್ಚರ. ಉಳಿತಾಯ ಮಾಡಬಾರದ ಜಾಗವೆಂದರೆ ಇದೇ. ಬಿಲ್ಲು ಕೊಡುವ ಅಂಗಡಿಯಲ್ಲಿ, ಡಬ್ಬಿಯ ಮೇಲಿನ ನಂಬರು ತಾಳೆ ನೋಡಿ ಕೊಳ್ಳುವುದು ಕ್ಷೇಮ. ಹೊಸ ಬೆಲ್ಟನ್ನು ಮಡಚಬಾರದು, ಒಳಮೈ ಹೊರಗೆ ತಿರುಚಬಾರದು. ಅದರ ಹೊಟ್ಟೆಯಲ್ಲಿರುವುದು ಗಾಜಿನ ನಾರು. ಎಳೆತಕ್ಕೆ ಉಕ್ಕಿನಂತೆ ನಿಂತರೂ ಚೂಪಾಗಿ ಮಡಚಿದರೆ ಒಳಗೊಳಗೇ ಮುರಿಯುತ್ತದೆ.

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಕೆಲಸ ಆರಂಭ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿವ ನೀರು ಮುಖಕ್ಕೆ ಚಿಮ್ಮುತ್ತದೆ. ಗಾಡಿ ಸಮತಟ್ಟಾದ ಗಟ್ಟಿ ನೆಲದ ಮೇಲಿರಬೇಕು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಿರಬೇಕು. ಪುಲ್ಲಿ ಇರುವ ಬದಿಯ ಮುಂದಿನ ಚಕ್ರ ತೆಗೆದರೆ ಕೈಯಾಡಲು ಜಾಗ ಸಿಗುತ್ತದೆ. ಎತ್ತಿದ ಗಾಡಿಯನ್ನು ಬರೀ ಜಾಕಿನ ಮೇಲೆ ನಂಬಿ ಯಾರೂ ಅದರ ಕೆಳಗೆ ತಲೆಯಿಡಬಾರದು. ಉಕ್ಕಿನ ಸ್ಟ್ಯಾಂಡ್ ಕೊಟ್ಟೇ ಕೆಲಸ. ಇಟ್ಟಿಗೆ, ಸೈಜುಗಲ್ಲು ಸ್ಟ್ಯಾಂಡ್ ಅಲ್ಲ, ಒಡೆದರೆ ಹೇಳಿ ಒಡೆಯುವುದಿಲ್ಲ. ಬ್ಯಾಟರಿಯ ಮೈನಸ್ ತಂತಿ ಮೊದಲು ಕಳಚಬೇಕು.

ಹಳೆಯ ಕೂಲಂಟನ್ನು ಅಗಲವಾದ ತಪ್ಪಲೆಗೆ ಇಳಿಸಿ ಮುಚ್ಚಿಡಬೇಕು. ಅದರ ರುಚಿ ಸಿಹಿ, ಆದರೆ ವಿಷ. ನಾಯಿ, ಕರು, ಮಕ್ಕಳು ಓಡಾಡುವ ಅಂಗಳದಲ್ಲಿ ಒಂದು ಲೋಟದಷ್ಟು ಚೆಲ್ಲಿ ಮರೆಯುವುದೂ ಅಪಾಯ. ಚರಂಡಿಗೂ ಬಾವಿಯ ಬಳಿಗೂ ಸುರಿಯುವಂತಿಲ್ಲ.

ಫ್ಯಾನ್ ಬೆಲ್ಟು, ಪುಲ್ಲಿ, ಪ್ಲಾಸ್ಟಿಕ್ ಮುಚ್ಚಳ ಒಂದೊಂದಾಗಿ ಕಳಚುತ್ತವೆ. ಬಿಚ್ಚಿದ ಬೋಲ್ಟುಗಳು ಉದ್ದದಲ್ಲಿ ಒಂದರಂತೆ ಒಂದಿರುವುದಿಲ್ಲ. ರಟ್ಟಿನ ಮೇಲೆ ಎಂಜಿನ್ನಿನ ಚಿತ್ರ ಬರೆದು, ಬೋಲ್ಟು ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಟ್ಟರೆ ಸಂಜೆಗೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. ಈ ಕೆಲಸಕ್ಕೆ ಪಿ.ಯು.ಸಿ. ಓದುವ ಮಗಳು ಮೇಷ್ಟ್ರಿಗೆ ಜೊತೆಯಾಗಿದ್ದಾಳೆ ಎಂದುಕೊಳ್ಳೋಣ.

ಮುಚ್ಚಳ ತೆಗೆದಾಗ ಹಳೆಯ ಬೆಲ್ಟು ಕಾಣುತ್ತದೆ. ಎದುರು ಸಾಲಿನ ಗ್ಯಾರೇಜಿನವನು ಬಂದು ಇಣುಕುತ್ತಾನೆ.

"ಏನ್ ಮೇಷ್ಟ್ರೇ, ಬೆಲ್ಟ್ ಚೆನ್ನಾಗೇ ಐತಲ್ಲ! ಇನ್ನೂ ಎರಡು ವರ್ಷ ಬತ್ತದೆ. ಯಾಕ್ ಸುಮ್ನೆ ದುಡ್ಡು ದಂಡ ಮಾಡ್ಕೊಂತೀರ?"

"ಚೆನ್ನಾಗಿರೋವಾಗ್ಲೇ ತೆಗೀಬೇಕು ಕಣಪ್ಪ. ಕೆಟ್ಟ ಮೇಲೆ ತೆಗೆಯೋಕೆ ನೀನಿದ್ದೀಯಲ್ಲ!"

ಇಲ್ಲಿ ಸೋಲುವವರೇ ಹೆಚ್ಚು. ಬಿರುಕಿಲ್ಲ, ನೂಲು ಬಿಚ್ಚಿಲ್ಲ, ಹಲ್ಲು ಗಟ್ಟಿಯಾಗಿದೆ. ಹಾಗಿದ್ದರೆ ಮುಚ್ಚಿಬಿಡೋಣ ಎನಿಸುತ್ತದೆ. ಹಳೆಯ ಕಾಲದ ರಬ್ಬರಿನ ಬೆಲ್ಟುಗಳು ಕೊನೆಗಾಲದಲ್ಲಿ ಬಿರುಕಾದರೂ ತೋರಿಸುತ್ತಿದ್ದವು. ಈಚಿನ ಬೆಲ್ಟುಗಳ ರಬ್ಬರು ಇನ್ನೂ ಗಟ್ಟಿ. ಹೊರಗೆ ಹೊಸತರಂತೆಯೇ ಹೊಳೆಯುತ್ತಾ ಒಳಗೆ ನಾರು ಬಳಲಿರಬಹುದು. ಕಣ್ಣನ್ನು ನಂಬಿದರೆ ಮೋಸ, ಪುಸ್ತಕವನ್ನು ನಂಬಿದರೆ ಕ್ಷೇಮ.

ಗುರುತೇ ಗುರು

ಬೆಲ್ಟು ಇಳಿಸುವ ಮುನ್ನ ಕ್ರ್ಯಾಂಕನ್ನು ಸ್ಪ್ಯಾನರಿನಿಂದ ನಿಧಾನವಾಗಿ ತಿರುಗಿಸಿ ಮೊದಲ ಸಿಲಿಂಡರಿನ ಪಿಸ್ಟನ್ನನ್ನು ಮೇಲಿನ ತುದಿಗೆ ತರಬೇಕು. ಸ್ಪಾರ್ಕ್ ಪ್ಲಗ್‌ಗಳನ್ನು ಮೊದಲೇ ಬಿಚ್ಚಿಟ್ಟರೆ ಒತ್ತಡವಿಲ್ಲದೆ ಸಲೀಸಾಗಿ ತಿರುಗುತ್ತದೆ. ಎಂಜಿನ್ ಸಹಜವಾಗಿ ತಿರುಗುವ ದಿಕ್ಕಿಗೇ ತಿರುಗಿಸಬೇಕು. ಪುಲ್ಲಿಯ ಕಡೆ ನಿಂತು ನೋಡಿದರೆ ಬಹುತೇಕ ಎಂಜಿನ್ನುಗಳಿಗೆ ಅದು ಗಡಿಯಾರದ ಮುಳ್ಳಿನ ದಿಕ್ಕು. ಹಳೆಯ ಹೋಂಡಾ ಸಿಟಿಯಂಥವು ಮಾತ್ರ ಅದಕ್ಕೆ ವಿರುದ್ಧ.

ಆಗ ಕ್ಯಾಮಿನ ಹಲ್ಲುಗಾಲಿಯ ಮೇಲಿನ ಗುರುತು ಎಂಜಿನ್ ಮೈಯ ಮೇಲಿನ ಗುರುತಿಗೆ ಎದುರಾಗಿ ನಿಲ್ಲುತ್ತದೆ. ಕೆಳಗೆ ಕ್ರ್ಯಾಂಕಿನ ಹಲ್ಲುಗಾಲಿಯದೂ ಹಾಗೆಯೇ. ಹೊರಗಿನ ಪುಲ್ಲಿಯ ಮೇಲೂ ಗುರುತುಗಳಿರುತ್ತವೆ. ಅವು ಕಿಡಿ ಹೊತ್ತಿಸುವ ಹೊತ್ತಿನ ಗುರುತು. ಅದನ್ನು ಇದಕ್ಕೆ ಬೆರೆಸಿ ಎಡವಿದವರಿದ್ದಾರೆ. ಮಗಳ ಉಗುರು ಬಣ್ಣದ ಸೀಸೆ ಈಗ ಉಪಯೋಗಕ್ಕೆ ಬರುತ್ತದೆ. ಎರಡು ಗಾಲಿಗಳ ಗುರುತಿಗೂ ಹಳೆಯ ಬೆಲ್ಟಿನ ಎದುರು ಹಲ್ಲುಗಳಿಗೂ ಬಣ್ಣದ ಚುಕ್ಕೆ ಇಟ್ಟರೆ, ಎರಡು ಚುಕ್ಕೆಗಳ ನಡುವೆ ಎಷ್ಟು ಹಲ್ಲು ಎಂದು ಹಳೆಯದರಲ್ಲಿ ಎಣಿಸಿ ಹೊಸದಕ್ಕೂ ಅಷ್ಟೇ ಎಣಿಸಿ ಚುಕ್ಕೆ ಇಡಬಹುದು. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಮತ್ತೆ ಎಣಿಸುವುದು ಒಳ್ಳೆಯದು.

ಬೆಲ್ಟು ಇಳಿದ ಮೇಲೆ ಕ್ಯಾಮನ್ನಾಗಲಿ ಕ್ರ್ಯಾಂಕನ್ನಾಗಲಿ ಬೇರೆ ಬೇರೆಯಾಗಿ ತಿರುಗಿಸಕೂಡದು. ಆಯಿಲ್ ಸೀಲುಗಳಲ್ಲಿ ಜಿನುಗು ಕಂಡರೆ ಈಗಲೇ ಬದಲಿಸಬೇಕು, ಎಣ್ಣೆ ಬಿದ್ದ ಬೆಲ್ಟು ಉಬ್ಬಿ ಕೊಳೆಯುತ್ತದೆ. ಹಳೆಯ ಪಂಪು ಬಿಚ್ಚಿದಾಗ ಕೂರುವ ಜಾಗದಲ್ಲಿ ಹಳೆಯ ಗ್ಯಾಸ್ಕೆಟ್ಟಿನ ಚೂರು ಅಂಟಿರುತ್ತದೆ. ಅಲ್ಯುಮಿನಿಯಂ ಮೈಗೆ ಗೀರು ಬೀಳದಂತೆ, ಅವಸರಪಡದೆ ಕೆರೆದು ಒರೆಸಬೇಕು. ಈ ಅರ್ಧ ಗಂಟೆಯಲ್ಲಿ ಅವಸರ ಮಾಡಿದರೆ ಹೊಸ ಪಂಪೂ ಸೋರುತ್ತದೆ. ಪಂಪಿನ ಬೋಲ್ಟುಗಳನ್ನು ಒಂದೇ ಕಡೆಯಿಂದ ಬಿಗಿಯದೆ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬರಬೇಕು. ಎಷ್ಟು ಬಿಗಿ ಎಂಬುದಕ್ಕೂ ಪುಸ್ತಕದಲ್ಲಿ ಲೆಕ್ಕವಿದೆ, ಅದನ್ನು ಅಳೆದು ಬಿಗಿಯುವ ಟಾರ್ಕ್ ರೆಂಚ್ ಇದೆ. ಸ್ವಂತದ್ದಿಲ್ಲದಿದ್ದರೆ ಎರವಲು ತಂದಾದರೂ ಬಳಸುವುದು ಮೇಲು. ಬರೀ ತೋಳಿನ ಅಂದಾಜಿಗೆ ಅಲ್ಯುಮಿನಿಯಂ ಎಳೆಗಳು ಎಷ್ಟೋ ಸಲ ಬಲಿಯಾಗಿವೆ.

ಹೊಸ ಬೆಲ್ಟನ್ನು ಕ್ರ್ಯಾಂಕಿನಿಂದ ಹತ್ತಿಸಿ, ಟೆನ್ಷನರ್ ಇಲ್ಲದ ಬದಿಯನ್ನು ಬಿಗಿಯಾಗಿ ಹಿಡಿದು, ಕ್ಯಾಮಿಗೆ ಕೂರಿಸಿ, ಉಳಿದ ಸಡಿಲವೆಲ್ಲ ಟೆನ್ಷನರ್ ಕಡೆಗೆ ಬರುವಂತೆ ನೋಡಿಕೊಳ್ಳಬೇಕು. ಬಿಗಿ ಕಡಿಮೆಯಾದರೆ ಹಲ್ಲು ಜಿಗಿಯುತ್ತದೆ, ಹೆಚ್ಚಾದರೆ ಬೇರಿಂಗ್ ಅಳುತ್ತದೆ. ಅದಕ್ಕೂ ಆಯಾ ಗಾಡಿಯ ಪುಸ್ತಕದ ವಿಧಾನವೇ ಪ್ರಮಾಣ.

ಎರಡು ಸುತ್ತಿನ ಪರೀಕ್ಷೆ

ಎಲ್ಲ ಮುಗಿಯಿತು, ಇನ್ನು ಕೀಲಿ ತಿರುಗಿಸುವುದೇ ಬಾಕಿ ಎಂದು ಕೈ ತುರಿಸುವ ಗಳಿಗೆ ಇದು. ಇಲ್ಲೇ ತಡೆಯಬೇಕು. ಸ್ಟಾರ್ಟರಿಗೆ ದಯೆಯಿಲ್ಲ. ಗುರುತು ತಪ್ಪಿದ್ದರೆ ಅದು ಒಂದೇ ಏಟಿಗೆ ಪಿಸ್ಟನ್ನನ್ನು ಕವಾಟಕ್ಕೆ ಬಡಿಸುತ್ತದೆ. ಕೈಗಾದರೆ ಸ್ಪರ್ಶ ಗೊತ್ತು.

ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಕೈಯಿಂದಲೇ ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಕ್ಯಾಮು ಒಂದು ಸುತ್ತು ಮುಗಿಸಿ ಮೊದಲಿನ ಜಾಗಕ್ಕೆ ಬಂದು ನಿಲ್ಲಬೇಕು. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದಂತಾದರೆ ಬಲ ಹಾಕಬಾರದು. ತಡೆಯುತ್ತಿರುವುದು ಕವಾಟವಾಗಿರಬಹುದು. ಎರಡು ಸುತ್ತು ಮುಗಿದಾಗ ಮೇಲಿನ ಗುರುತೂ ಕೆಳಗಿನ ಗುರುತೂ ಒಟ್ಟಿಗೇ ಎದುರಾದರೆ ಕೆಲಸ ಸರಿಯಾಗಿದೆ. ಬೆಲ್ಟಿನ ಮೇಲೆ ಇಟ್ಟ ಚುಕ್ಕೆಗಳು ಈಗ ಬೇರೆಲ್ಲೋ ಇರುತ್ತವೆ, ಅದಕ್ಕೆ ಗಾಬರಿ ಬೇಡ. ನೋಡಬೇಕಾದದ್ದು ಗಾಲಿಗಳ ಗುರುತನ್ನು ಮಾತ್ರ.

"ಅಪ್ಪ, ಮೇಲಿಂದು ಒಂದು ಹಲ್ಲು ಆಚೆ ಇದೆ."

ಹೀಗೆ ಮಗಳು ಹೇಳಿದಳೆಂದರೆ ಹೊತ್ತು ಮುಳುಗುತ್ತಿದ್ದರೂ, ಹೊಟ್ಟೆ ಹಸಿದಿದ್ದರೂ, ಬೆಲ್ಟು ಇಳಿಸಿ ಮತ್ತೆ ಹಾಕಬೇಕು. ಒಂದು ಹಲ್ಲು ತಾನೆ ಎಂದು ಬಿಡುವಂತಿಲ್ಲ. ಒಂದು ಹಲ್ಲು ತಪ್ಪಿದ ಎಂಜಿನ್ ಹೊತ್ತಿಕೊಂಡರೂ ನಡುಗುತ್ತದೆ, ಏರಿನಲ್ಲಿ ಸೋಲುತ್ತದೆ, ಪೆಟ್ರೋಲ್ ಕುಡಿಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ಕವಾಟಕ್ಕೆ ಪೆಟ್ಟೂ ಬೀಳುತ್ತದೆ. ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕುವವರಿಗೆ ಬೇಕಾದದ್ದು ಮೆಕ್ಯಾನಿಕನ ತೋಳಲ್ಲ, ಕಟ್ಟಿದ್ದನ್ನು ಮತ್ತೆ ಬಿಚ್ಚುವ ತಾಳ್ಮೆ.

ಗುರುತು ಕೂಡಿದ ಮೇಲೆ ಮುಚ್ಚಳ, ಪುಲ್ಲಿ, ಚಕ್ರ ಎಲ್ಲವೂ ಬಂದ ಕ್ರಮಕ್ಕೆ ವಿರುದ್ಧವಾಗಿ ಹಿಂದಿರುಗುತ್ತವೆ. ರೇಡಿಯೇಟರಿಗೆ ಬೋರ್‌ವೆಲ್ ನೀರು ಬೇಡ. ಕೂಲಂಟಿಗೆ ಡಬ್ಬಿಯಲ್ಲಿ ಹೇಳಿದ ಪ್ರಮಾಣದಲ್ಲಿ ಡಿಸ್ಟಿಲ್ಡ್ ವಾಟರ್ ಬೆರೆಸಿ ತುಂಬಬೇಕು. ಬ್ಯಾಟರಿಗೆ ಹಾಕುವ ಶುದ್ಧ ನೀರೇ ಅದು. ಎಂಜಿನ್ ಹೊತ್ತಿಸಿ ಒಳಗಿನ ಗಾಳಿಯ ಗುಳ್ಳೆಗಳು ಹೊರಬರುವವರೆಗೂ ಓಡಿಸಿ, ಪೂರ್ತಿ ತಣಿದ ಮೇಲೆ ಮಟ್ಟ ನೋಡಿ ಮತ್ತೆ ತುಂಬಬೇಕು. ಮರುದಿನ ಬೆಳಿಗ್ಗೆ ಗಾಡಿಯ ಕೆಳಗೆ ಒಂದು ಹಳೆಯ ಪತ್ರಿಕೆ ಹಾಸಿ ನೋಡಿದರೆ ಹನಿ ಬಿದ್ದಿದೆಯೇ ಇಲ್ಲವೇ ತಿಳಿಯುತ್ತದೆ.

ಎಲ್ಲರೂ ಮಾಡಬಹುದೆ?

ಇಲ್ಲ ಎಂದು ಹೇಳುವುದೂ ಅಷ್ಟೇ ಮುಖ್ಯ. ಮಾರುತಿ 800ರಂಥ ಸರಳ ಪೆಟ್ರೋಲ್ ಎಂಜಿನ್ನಿನಲ್ಲಿ ಪುಸ್ತಕ ಎದುರಿಗಿಟ್ಟುಕೊಂಡು ತಾಳ್ಮೆಯಿಂದ ಮಾಡಬಹುದಾದ ಕೆಲಸ ಇದು. ಡೀಸೆಲ್ ಎಂಜಿನ್ನುಗಳ ಕತೆ ಬೇರೆ. ಎಷ್ಟೋ ಡೀಸೆಲ್ಲುಗಳಲ್ಲಿ ಬೆಲ್ಟು ಕ್ಯಾಮಿನ ಜೊತೆ ಡೀಸೆಲ್ ಪಂಪನ್ನೂ ತಿರುಗಿಸುತ್ತದೆ. ಲೋಗನ್, ಡಸ್ಟರ್‌ನಂಥ ಗಾಡಿಗಳಲ್ಲಿ ಕ್ಯಾಮು, ಕ್ರ್ಯಾಂಕನ್ನು ಅಲುಗದಂತೆ ಹಿಡಿಯುವ ವಿಶೇಷ ಪಿನ್ನುಗಳು ಬೇಕು. ಕೆಲವದರಲ್ಲಿ ಎಂಜಿನ್ ಹೊತ್ತ ಮೌಂಟನ್ನೇ ಬಿಚ್ಚಿ, ಕೆಳಗಿನಿಂದ ಆಧಾರ ಕೊಟ್ಟು ಕೆಲಸ ಮಾಡಬೇಕಾಗುತ್ತದೆ. ಅಂಥಲ್ಲಿ ಆ ಗಾಡಿಯನ್ನೇ ಬಿಚ್ಚಿ ಪಳಗಿದ ಕೈಗೆ ಒಪ್ಪಿಸುವುದೇ ಒಳ್ಳೆಯದು. ಆದರೆ ಒಪ್ಪಿಸುವಾಗಲೂ ಒಡೆಯನಿಗೆ ಇಷ್ಟು ತಿಳಿದಿದ್ದರೆ ಬೆಲ್ಟಿನ ಜೊತೆ ಟೆನ್ಷನರ್, ಪಂಪು, ಸೀಲು ಬದಲಾಯಿತೇ ಎಂದು ಕೇಳಬಹುದು, ಬಿಚ್ಚಿದ ಹಳೆಯ ಸಾಮಾನನ್ನು ತೋರಿಸಿ ಎನ್ನಬಹುದು.

ಬೆಲ್ಟಿನ ಮುಚ್ಚಳ ಮುಚ್ಚಿದ ಮೇಲೆ ಒಳಗಿರುವುದು ಹೊಸತೋ ಹಳತೋ ಯಾರಿಗೂ ಕಾಣುವುದಿಲ್ಲ. ಹತ್ತು ವರ್ಷದ ಮೇಲೆ ಮೇಷ್ಟ್ರಿಗೇ ನೆನಪಿರುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಕೈ ತೊಳೆಯುವ ಮುನ್ನ ಇನ್ನೊಂದು ಕೆಲಸ ಉಳಿದಿದೆ. ಬೆಲ್ಟಿನ ಡಬ್ಬಿಯ ರಟ್ಟನ್ನು ಅಂಗೈಯಗಲ ಕತ್ತರಿಸಿ, ಅದರ ಮೇಲೆ ಆ ದಿನದ ತಾರೀಖು, ಮೀಟರಿನ ಕಿಲೋಮೀಟರ್, ಬದಲಿಸಿದ ಸಾಮಾನುಗಳ ಹೆಸರು ಬರೆಯಬೇಕು. ಮೇಲೆ ಅಗಲ ಟೇಪು ಅಂಟಿಸಿ, ಬಿಸಿ ತಾಗದ ಕಡೆ ಬಾನೆಟ್ಟಿನ ಒಳಮೈಗೆ ಹಚ್ಚಬೇಕು. ಅಕ್ಷರ ದುಂಡಗಿರಲೆಂದು ಅದನ್ನು ಮಗಳ ಕೈಯಲ್ಲೇ ಬರೆಸುವುದು ಲೇಸು. ಮುಂದಿನ ಸಲ ಆ ಮುಚ್ಚಳ ತೆಗೆಯುವವಳು ಅವಳೇ ಆಗಿರಬಹುದು.